ಚರ್ಚ್ ಅಂಗಳದಲ್ಲಿ ಲೋಕಿಗೇನು ಕೆಲಸ?

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಕಂಬ್ರಿಯಾದ ಗಾಸ್‌ಫರ್ತ್ ಹಳ್ಳಿಯ ಚರ್ಚ್ ನೋಡಿದೆವು. ಅಂಗಳದಲ್ಲಿ ಸಮಾಧಿಗಳ ನಡುವೆ ಎತ್ತರದ ಕಲ್ಲಿನ ಶಿಲುಬೆ ಇದೆ. ಅದರಲ್ಲಿ ಕೈಕಾಲು ಕಟ್ಟಿಸಿಕೊಂಡ ಗಂಡಸು, ಬಟ್ಟಲು ಹಿಡಿದ ಹೆಂಗಸು. ಇದು ಬೈಬಲಿನ ಯಾವ ಕಥೆ?

ಉತ್ತರ: ಬೈಬಲಿನದೇ ಅಲ್ಲ! ಅವನು ಲೋಕಿ, ಸ್ಕ್ಯಾಂಡಿನೇವಿಯಾದ ವೈಕಿಂಗರ ಪುರಾಣದ ಮಹಾ ಕಿತಾಪತಿ. ಬಟ್ಟಲು ಹಿಡಿದವಳು ಹೆಂಡತಿ ಸಿಗಿನ್. ಮೇಲಿರುವ ಹಾವಿನ ಬಾಯಿಂದ ವಿಷ ತೊಟ್ಟಿಕ್ಕುತ್ತದೆ. ಗಂಡನ ಮುಖಕ್ಕೆ ಬೀಳದಿರಲಿ ಅಂತ ಅವಳು ಬಟ್ಟಲು ಒಡ್ಡಿದ್ದಾಳೆ. ತುಂಬಿದ ಬಟ್ಟಲು ಚೆಲ್ಲಿ ಬರಲು ಏಳಲೇಬೇಕು ಅಲ್ವಾ? ಅಷ್ಟರಲ್ಲಿ ವಿಷ ಬಿದ್ದು ಲೋಕಿ ಒದ್ದಾಡುತ್ತಾನೆ. ಭೂಕಂಪ ಆಗುವುದೇ ಅದರಿಂದ ಅಂತ ಕಥೆ.

ಶಿಲುಬೆ 10ನೇ ಶತಮಾನದ ಮೊದಲ ಭಾಗದ್ದು. ಕೆಂಪು ಮರಳುಗಲ್ಲು, ಸುಮಾರು 4.4 ಮೀಟರ್ ಎತ್ತರ, ಬುಡ ದುಂಡಗೆ, ಮೇಲೆ ಚೌಕ. ಸ್ಕ್ಯಾಂಡಿನೇವಿಯಾ ಮೂಲದವರು ಆ ಸೀಮೆಯಲ್ಲಿ ನೆಲೆಯೂರಿ, ಕ್ರೈಸ್ತ ಧರ್ಮಕ್ಕೆ ಹೊರಳುತ್ತಿದ್ದ ಕಾಲ. ಶಿಲ್ಪಿ ಸುಮ್ನೆ ಹಳೆಯ ಪುರಾಣ, ಹೊಸ ಧರ್ಮ ಎರಡನ್ನೂ ಕಲಸಿಬಿಟ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಲೋಕಿ ಇರುವುದು ಪಶ್ಚಿಮದ ಮುಖದಲ್ಲಿ. ಪೂರ್ವದ ಮುಖದಲ್ಲಿ ಕೈಚಾಚಿದ ಏಸು. ಅವನ ಕೆಳಗೆ ಈಟಿ ಹಿಡಿದವನೊಬ್ಬ, ಎದುರಿಗೆ ಕೊಂಬಿನ ಪಾತ್ರೆ ಹಿಡಿದ ಹೆಂಗಸು. ಅವಳ ಉದ್ದ ಜಡೆ, ನೆಲಕ್ಕೆ ಇಳಿಬಿದ್ದ ಉಡುಗೆ ಪಕ್ಕಾ ವೈಕಿಂಗ್ ಶೈಲಿ. ಅದೇ ಮುಖದಲ್ಲಿ ಮೇಲೆ, ದೈತ್ಯ ಪ್ರಾಣಿಯ ಬಾಯಿ ಸೀಳುತ್ತಿರುವವನು ವೈಕಿಂಗರ ದೇವರು ವಿದಾರ್. ಆ ಪ್ರಾಣಿ ಫೆನ್ರಿರ್ ಎಂಬ ತೋಳ; ವಿದಾರ್‌ನ ತಂದೆ, ದೇವರುಗಳ ಒಡೆಯ ಓಡಿನ್‌ನನ್ನು ಅದು ನುಂಗಿದ್ದಕ್ಕೆ ಈ ಸೇಡು. ಹೀಗೆ ಹಳೆಯ ದೇವರುಗಳ ಲೋಕ ಮುಗಿಯುವ ಕಥೆಯನ್ನೇ ಆರಿಸಿ ಏಸುವಿನ ಜೊತೆ ಇಟ್ಟವನು ಯೋಚನೆ ಮಾಡಿಯೇ ಇಟ್ಟಿರುತ್ತಾನೆ.

ನಾನು ಮೊದಲ ಸಲ ಹೋದದ್ದು ಜಿಟಿಜಿಟಿ ಮಳೆಯಲ್ಲಿ. ಮೂರು ಸುತ್ತು ಹಾಕಿದರೂ ಲೋಕಿ ಸಿಗಲಿಲ್ಲ, ಶೂ ಮಾತ್ರ ಒದ್ದೆಯಾಯಿತು. ಮರುದಿನ ಮಧ್ಯಾಹ್ನ ದಾಟಿದ ಮೇಲೆ ಹೋದೆ. ದಕ್ಷಿಣದಿಂದ ಓರೆಯಾಗಿ ಬಿದ್ದ ಬಿಸಿಲು ಪಶ್ಚಿಮದ ಮುಖವನ್ನು ಸವರುತ್ತಿತ್ತು. ಗೆರೆಗಳ ನೆರಳು ಮೂಡಿ ಬಟ್ಟಲು ಎದ್ದು ಕಂಡಿತು. ಪೂರ್ವದ ಮುಖಕ್ಕಾದರೆ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಹೋಗಬೇಕು. ಚೆನ್ನಾಗಿ ಕಾಣಲಿ ಅಂತ ಸೀಮೆಸುಣ್ಣ ಗಿಸುಣ್ಣ ಮಾತ್ರ ತಿಕ್ಕಬೇಡಿ, ಮೊದಲೇ ಸವೆದ ಕಲ್ಲು. ಮತ್ತೆ ಅಷ್ಟು ದೂರ ಹೋಗಲಾಗದಿದ್ದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. 1882ರಲ್ಲಿ ತೆಗೆದ ಇದರ ಪ್ಲಾಸ್ಟರ್ ಅಚ್ಚು ಅಲ್ಲಿದೆ.

ಅಂದಹಾಗೆ, ಚರ್ಚ್ ಒಳಗೆ ಬೆನ್ನುಬಾಗಿದ ಮನೆಯ ಆಕಾರದ ಎರಡು ಸಮಾಧಿ ಕಲ್ಲುಗಳಿವೆ, ನೋಡಿದಿರಾ? ಅವೂ ಅದೇ ವೈಕಿಂಗರ ಕಾಲದವು.