ಸಾಲಿನಲ್ಲಿ ಜಗಳ, ಫಾರ್ಮಿನಲ್ಲಿ ಐದಕ್ಕೆ ಐದು

ನಿಮ್ಮ ಪ್ರಶ್ನೆ ಇಷ್ಟು: "ಥೀಮ್ ಪಾರ್ಕ್ ಒಂದರ ಗೆಸ್ಟ್ ಸರ್ವಿಸ್‌ಗೆ ಹೊಸದಾಗಿ ಸೇರಿದ್ದೇನೆ. ದಿನವಿಡೀ ಸಾಲು ಮುರಿಯೋದು, ಕೂಗಾಟ, ಎಲ್ಲೆಂದರಲ್ಲಿ ಕಸ. ಸಂಜೆ ನೋಡಿದರೆ ಅದೇ ಜನ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಐದಕ್ಕೆ ಐದು ಕೊಟ್ಟು ಹೋಗ್ತಾರೆ. ಇವರು ಸುಳ್ಳು ಬರೀತಾರಾ? ಅಥವಾ ನಡತೆಗೂ ತೃಪ್ತಿಗೂ ಸಂಬಂಧವೇ ಇಲ್ವಾ?"

ಸುಳ್ಳಲ್ಲ. ನಿಮ್ಮ ಫಾರ್ಮ್ ಕೇಳೋದು ದಿನ ಹೇಗಿತ್ತು ಅಂತ, ಅವರು ಬರೆಯೋದು ದಿನದಲ್ಲಿ ಏನು ನೆನಪಿದೆ ಅಂತ. ಇವೆರಡರ ನಡುವಿನ ಅಂತರ ನನಗೆ ಅರ್ಥವಾಗೋಕೆ ಒಂಬತ್ತು ವರ್ಷ ಹಿಡಿಯಿತು. ಆರು ವರ್ಷ ಒಂದು ರೋಲರ್ ಕೋಸ್ಟರಿನ ಪ್ಲಾಟ್‌ಫಾರ್ಮಿನಲ್ಲಿ ಜನರನ್ನು ಹತ್ತಿಸಿ ಇಳಿಸಿದೆ, ಆಮೇಲೆ ಮೂರು ವರ್ಷ ದೂರು ಕೌಂಟರಿನಲ್ಲಿ ಕೂತಿದ್ದೆ. ಮೊದಲ ಕೆಲಸದಲ್ಲಿ ಇದ್ದಾಗ ಜನರೇ ಹೀಗೆ ಅನ್ನಿಸ್ತಿತ್ತು. ಎರಡನೆಯದಕ್ಕೆ ಬಂದ ಮೇಲೆ ಆ ಅಭಿಪ್ರಾಯ ಸುಮಾರು ಮುಕ್ಕಾಲು ಪಾಲು ಬದಲಾಯಿತು. ಉಳಿದ ಕಾಲು ಇನ್ನೂ ಹಾಗೇ ಇದೆ.

ಮೊದಲು ನೆನಪಿನ ವಿಷಯ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಅದ್ದಿ ಇಟ್ಟುಕೊಳ್ಳಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆದರೆ ಆ ಕೊನೆಯ ಅರ್ಧ ನಿಮಿಷದಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತೆ. ಎರಡರಲ್ಲಿ ಯಾವುದನ್ನು ಮತ್ತೊಮ್ಮೆ ಮಾಡ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಕಷ್ಟ ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತ. ಮನಸ್ಸು ಉಳಿಸಿಕೊಂಡಿದ್ದು ಆ ಹಿತವನ್ನ. ನಿಮ್ಮ ಗೇಟಿನಿಂದ ಹೊರಗೆ ಹೋಗುವ ಕುಟುಂಬದ ಸ್ಥಿತಿಯೂ ಇದೇ. ಏಳು ಗಂಟೆ ಪಾರ್ಕಿನಲ್ಲಿದ್ದರೆ ರೈಡ್ ಮೇಲೆ ಕೂತಿದ್ದು ಎಲ್ಲಾ ಸೇರಿ ಇಪ್ಪತ್ತೋ ಮೂವತ್ತೋ ನಿಮಿಷ. ಉಳಿದಿದ್ದೆಲ್ಲ ನಿಂತಿದ್ದು, ನಡೆದಿದ್ದು, ಶೌಚಾಲಯ ಹುಡುಕಿದ್ದು. ಆದರೂ ಹೊರಡುವಾಗ ಬಾಯಲ್ಲಿ ಇರೋದು ಆ ಕೋಸ್ಟರಿನ ಮೊದಲ ಇಳಿಜಾರು ಮತ್ತು ರಾತ್ರಿಯ ಪಟಾಕಿ. ದೊಡ್ಡ ಪಾರ್ಕುಗಳು ಮೆರವಣಿಗೆ, ಪಟಾಕಿಗಳನ್ನು ದಿನದ ಕೊನೆಗೆ ಇಟ್ಟುಕೊಂಡಿರೋದು ಬರೀ ಕತ್ತಲೆಗೋಸ್ಕರ ಅಂತ ನಾನು ನಂಬಲ್ಲ.

ಹಾಗಂತ ಐದಕ್ಕೆ ಐದನ್ನು ಕಣ್ಣಿಗೊತ್ತಿಕೊಂಡು ಕೂರಬೇಡಿ. ಮಧ್ಯಾಹ್ನ ಮೂರು ಗಂಟೆಗೆ ಮುಖ ಗಂಟಿಕ್ಕಿಕೊಂಡು ಹೊರಟುಹೋದವರು ನಿಮ್ಮ ಸಂಜೆಯ ಫಾರ್ಮ್ ತುಂಬಲ್ಲ. ತುಂಬುವವರು ಕೊನೆವರೆಗೂ ಉಳಿದವರು. ಖುಷಿ ಇದ್ದವರೇ ಉಳಿಯೋದು.

ಈಗ ನಡತೆಗೆ ಬರೋಣ. ಸಂಬಂಧ ಇದೆ, ಆದರೆ ಕೂಗಾಡಿದವನ ತೃಪ್ತಿಯನ್ನು ಅಳೆದರೆ ಅದು ಸಿಗಲ್ಲ. ಅವನ ಹಿಂದೆ ನಿಂತವರನ್ನ ಕೇಳಬೇಕು. ಇದಕ್ಕೆ ಪ್ಲಾಟ್‌ಫಾರ್ಮಿನ ಲೆಕ್ಕ ಹೇಳ್ತೀನಿ. ಕೋಸ್ಟರಿನ ಒಂದು ಟ್ರೇನಿನಲ್ಲಿ 24 ಸೀಟು, ನಿಮಿಷಕ್ಕೊಂದು ಟ್ರೇನ್ ಬಿಟ್ಟರೆ ಗಂಟೆಗೆ 1,440 ಜನ. ಸಾಲಿನಲ್ಲಿ 720 ಜನ ಇದ್ದರೆ ಕೊನೆಯವನಿಗೆ ಅರ್ಧ ಗಂಟೆ. ಈಗ ಪ್ರತಿ ಟ್ರೇನಿನಲ್ಲೂ ಒಬ್ಬರಿಗೆ ಬ್ಯಾಗ್ ಎಲ್ಲಿಡಬೇಕು ಗೊತ್ತಿಲ್ಲ, ಇನ್ನೊಬ್ಬರು ಜೇಬಿನಿಂದ ಫೋನ್ ತೆಗೆದು ವಿಡಿಯೋ ಮಾಡ್ತಿದ್ದಾರೆ, ಮೂರನೆಯವರಿಗೆ ಮುಂದಿನ ಸೀಟೇ ಬೇಕಂತೆ. ಬರೀ 30 ಸೆಕೆಂಡ್ ತಡ. ಗಂಟೆಗೆ 60 ಟ್ರೇನಿನ ಬದಲು 40, ಜನ 960. ಅದೇ ಸಾಲು ಮುಕ್ಕಾಲು ಗಂಟೆಯಾಯಿತು. ಯಾರೂ ಜಗಳ ಆಡಿಲ್ಲ, ಯಾರೂ ಬೈದಿಲ್ಲ, ನಿಮ್ಮ ರಿಜಿಸ್ಟರಿನಲ್ಲಿ ಒಂದು ಘಟನೆಯೂ ದಾಖಲಾಗಿಲ್ಲ. ಆದರೆ ನೂರಾರು ಜನರಿಂದ ಹದಿನೈದು ಹದಿನೈದು ನಿಮಿಷ ಹೋಯಿತು. ಸಂಜೆ ಅವರು "ಆಪರೇಟರ್‌ಗಳು ನಿಧಾನ" ಅಂತ ಬರೀತಾರೆ. ಬರೆಸಿಕೊಂಡವರಲ್ಲಿ ನಾನೂ ಒಬ್ಬ.

ಆದ್ದರಿಂದ ಕೆಟ್ಟ ನಡತೆ ಅಂದಾಗ ನನಗೆ ಮೊದಲು ನೆನಪಾಗೋದು ಈ ಮೆತ್ತಗಿನ, ನಗುನಗುತ್ತಾ ನಡೆಯುವ ಬಗೆ. ಇದಕ್ಕೆ ಮದ್ದೂ ಸುಲಭ. ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಹೇಳೋದನ್ನ ಹತ್ತು ನಿಮಿಷ ಮೊದಲೇ, ಸಾಲಿನಲ್ಲೇ ಹೇಳಿ. ಲಾಕರ್ ಸಾಲಿನ ಬಾಯಲ್ಲೇ ಇರಲಿ. 2015ರಲ್ಲಿ ಡಿಸ್ನಿ ಪಾರ್ಕುಗಳು ಸೆಲ್ಫಿ ಸ್ಟಿಕ್ಕನ್ನು ಗೇಟಿನಲ್ಲೇ ತಡೆಯೋಕೆ ಶುರು ಮಾಡಿದವು. ಅದಕ್ಕೆ ಮೊದಲು ರೈಡುಗಳ ಮೇಲೆ ಮಾತ್ರ ನಿಷೇಧ ಇತ್ತು. ಜನ ಕೋಸ್ಟರ್ ಓಡುವಾಗಲೇ ಕೋಲು ಹೊರಗೆ ತೆಗೀತಿದ್ದರು. ನಿಯಮವನ್ನು ರೈಡಿನಿಂದ ಗೇಟಿಗೆ ತಂದರು, ವಾದಕ್ಕೆ ಜಾಗವೇ ಉಳಿಯಲಿಲ್ಲ.

ಇನ್ನು ಸಾಲು ಮುರಿಯೋದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದರೆ ನನ್ನ ಅನುಭವದಲ್ಲಿ ದಿನವನ್ನು ನಿಜವಾಗಿ ಕೆಡಿಸೋದು ಇದೊಂದೇ.

ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ತಂಡ ನ್ಯೂಯಾರ್ಕಿನಲ್ಲಿ 129 ಸಾಲುಗಳಿಗೆ ಬೇಕೆಂದೇ ಜನರನ್ನು ನುಗ್ಗಿಸಿ ನೋಡಿತು. ಅದು 1986ರಲ್ಲಿ ಪ್ರಕಟವಾಯಿತು. ಒಬ್ಬನೇ ನುಗ್ಗಿದಾಗ ಅರ್ಧಕ್ಕಿಂತ ಚೂರು ಹೆಚ್ಚು ಸಾಲುಗಳಲ್ಲಿ ಮಾತ್ರ ಯಾರಾದರೂ ಆಕ್ಷೇಪಿಸಿದರು. ಇಬ್ಬರು ಒಟ್ಟಿಗೆ ನುಗ್ಗಿದಾಗ ಹತ್ತರಲ್ಲಿ ಒಂಬತ್ತು ಸಾಲುಗಳಲ್ಲಿ ದನಿ ಎದ್ದಿತು. ಅದಕ್ಕಿಂತ ಮುಖ್ಯವಾದದ್ದು, ತಡೆಯುವ ಜವಾಬ್ದಾರಿ ಬೀಳೋದು ನುಗ್ಗಿದವನ ಬೆನ್ನ ಹಿಂದೆಯೇ ನಿಂತವನ ಮೇಲೆ. ಅವನು ಬಾಯಿ ಮುಚ್ಚಿಕೊಂಡರೆ ಅವನ ಹಿಂದಿನವರೂ ಹೆಚ್ಚಾಗಿ ಸುಮ್ಮನಿರ್ತಾರೆ. ಸುಮ್ಮನಿದ್ದಾರೆ ಅಂದರೆ ಒಪ್ಪಿಕೊಂಡಿದ್ದಾರೆ ಅಂತ ಅಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾರೆ.

ದೂರು ಕೌಂಟರಿಗೆ ಸೇರಿದ ಮೊದಲ ವಾರ ಒಬ್ಬ ತಂದೆಯ ಪತ್ರ ಓದಿದೆ. ಎರಡು ಮಕ್ಕಳ ಜೊತೆ ಒಂದೂವರೆ ಗಂಟೆ ನಿಂತಿದ್ದರಂತೆ; ಅದಕ್ಕೆ ಬೇಸರ ಇಲ್ಲ ಅಂತ ಅವರೇ ಬರೆದಿದ್ದರು. ಎಂಟು ಹುಡುಗರು "ನಮ್ಮವರು ಮುಂದಿದ್ದಾರೆ" ಅಂತ ಹಗ್ಗದ ಕೆಳಗೆ ನುಸುಳಿ ಮುಂದೆ ಹೋದರು. ಪ್ಲಾಟ್‌ಫಾರ್ಮಿನಲ್ಲಿದ್ದ ಸಿಬ್ಬಂದಿ ಅದನ್ನು ನೋಡಿದ, ಇವರ ಮುಖವನ್ನೂ ನೋಡಿದ, ಆಮೇಲೆ ಬೇರೆ ಕಡೆ ತಿರುಗಿಕೊಂಡ. "ನನ್ನ ಮಗ ಕೇಳಿದ, ಅಪ್ಪಾ ನಾವೂ ಹಾಗೇ ಹೋಗೋಣ್ವಾ ಅಂತ. ಏನು ಹೇಳಲಿ?" ಪತ್ರದಲ್ಲಿ ಇದ್ದ ದಿನಾಂಕ, ರೈಡು, ಪಾಳಿ ಎಲ್ಲಾ ಹೊಂದಿಸಿ ನೋಡಿದೆ. ಆ ಸಿಬ್ಬಂದಿ ನಾನೇ. ಹುಡುಗರು ಎಂಟು ಜನ, ನಾನೊಬ್ಬ, ಟ್ರೇನ್ ತಡವಾಗ್ತಿತ್ತು, ಬಿಟ್ಟುಬಿಟ್ಟಿದ್ದೆ. ಆ ದಿನ ನನ್ನ ಲೆಕ್ಕದಲ್ಲಿ ಜಗಳ ತಪ್ಪಿತ್ತು.

ಕೋತಿ ತಾನು ಕೆಡೋದಲ್ಲದೆ ವನವನ್ನೂ ಕೆಡಿಸಿತು ಅಂತಾರಲ್ಲ, ಸಾಲಿಗೆ ಅದು ಅಕ್ಷರಶಃ ಸತ್ಯ. ಒಬ್ಬ ದಾಟಿದ್ದು ದಕ್ಕಿದರೆ ಇಪ್ಪತ್ತು ನಿಮಿಷದಲ್ಲಿ ಮೂರು ಗುಂಪು ದಾಟುತ್ತೆ. ಆದ್ದರಿಂದ ನೀವು ತಡೀಬೇಕಾದ್ದು ಮೊದಲನೆಯವನನ್ನ, ಉಳಿದವರಿಗೆ ಕಾಣುವ ಹಾಗೆ. ಕೂಗಾಡಬೇಕಿಲ್ಲ. "ಸರ್, ನಿಮ್ಮವರು ಬೇಕಾದರೆ ಹಿಂದೆ ಬಂದು ನಿಮ್ಮ ಜೊತೆ ನಿಲ್ಲಲಿ" ಅಂದರೆ ಸಾಕು. ಈ ಒಂದು ವಾಕ್ಯ ನನ್ನ ಮಟ್ಟಿಗೆ ತರಬೇತಿಯ ಅಷ್ಟೂ ಪುಟಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಚಿಕ್ಕ ಮಗುವನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬಂದ ತಾಯಿಗೆ ಇದನ್ನೇ ಹೇಳಬೇಡಿ, ದಯವಿಟ್ಟು. ಸಾಲಿನವರಿಗೆ ಆ ವ್ಯತ್ಯಾಸ ಗೊತ್ತಾಗುತ್ತೆ, ಅವರೇ ದಾರಿ ಬಿಡ್ತಾರೆ.

ನ್ಯಾಯದ ಮಾತು ಬಂದ ಮೇಲೆ ಪಾರ್ಕುಗಳೇ ಮಾರುವ ಸಾಲು ಮುರಿಯುವ ಟಿಕೆಟಿನ ಬಗ್ಗೆಯೂ ಹೇಳಲೇಬೇಕು. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಉಚಿತ. ಯಂತ್ರದಿಂದ ಚೀಟಿ ತಗೊಂಡು ಹೇಳಿದ ಹೊತ್ತಿಗೆ ಬಂದರೆ ಆಯಿತು. 2021ರಲ್ಲಿ ಅಮೆರಿಕದ ಅವರ ಪಾರ್ಕುಗಳಲ್ಲಿ ಆ ಜಾಗಕ್ಕೆ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆ ಬಂತು. ವ್ಯಾಪಾರದ ದೃಷ್ಟಿಯಿಂದ ತಪ್ಪು ಅನ್ನೋಕೆ ಆಗಲ್ಲ, ಆದರೆ ಮೇಲಿನ ಲೆಕ್ಕಕ್ಕೆ ವಾಪಸ್ ಬನ್ನಿ. ಗಂಟೆಗೆ 1,440 ಸೀಟಿನಲ್ಲಿ 960 ವೇಗದ ಸಾಲಿಗೆ ಕೊಟ್ಟರೆ ಮಾಮೂಲಿ ಸಾಲಿಗೆ ಉಳಿಯೋದು 480. ಅಲ್ಲಿ ನಿಂತ 720 ಜನರಲ್ಲಿ ಕೊನೆಯವನಿಗೆ ಅರ್ಧ ಗಂಟೆಯ ಬದಲು ಒಂದೂವರೆ ಗಂಟೆ. ಜೊತೆಗೆ ಪಕ್ಕದಲ್ಲೇ ಜನ ಓಡಿ ಹೋಗೋದು ಕಣ್ಣಿಗೆ ಬೀಳ್ತಿರುತ್ತೆ. ಎರಡು ಸಾಲಿನ ನಡುವೆ ಒಂದು ಗೋಡೆ ಕಟ್ಟಿದರೆ ಅರ್ಧ ಸಿಟ್ಟು ಇಳಿಯುತ್ತೆ. ಕಾಯುವ ಹೊತ್ತು ಒಂದು ನಿಮಿಷವೂ ಕಮ್ಮಿಯಾಗದಿದ್ದರೂ.

ಜನ ದುರುಪಯೋಗ ಮಾಡಿಕೊಳ್ಳಲ್ವಾ ಅಂದರೆ, ಮಾಡಿಕೊಳ್ತಾರೆ. ನಾನು ಹೇಳಿದ ಕಾಲು ಪಾಲು ಇದೇ. ಅಂಗವೈಕಲ್ಯ ಇರುವವರಿಗೆ ಬೇಗ ಒಳಗೆ ಬಿಡೋಕೆ ಡಿಸ್ನಿ ಒಂದು ಕಾರ್ಡ್ ಕೊಡ್ತಿತ್ತು. ಅಂಥ ಕಾರ್ಡ್ ಇರುವವರನ್ನು ಬಾಡಿಗೆಗೆ ಜೊತೆ ಮಾಡಿಕೊಂಡು ಸಾಲು ತಪ್ಪಿಸಿಕೊಳ್ಳುವವರು ಇದ್ದಾರೆ ಅಂತ 2013ರಲ್ಲಿ ಸುದ್ದಿಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಪದ್ಧತಿ ಬದಲಿಸಿದರು: ನೇರ ಪ್ರವೇಶದ ಬದಲು, ಸಾಲಿನಷ್ಟೇ ಹೊತ್ತು ಹೊರಗೆ ಎಲ್ಲಾದರೂ ಕಾದು ಹೇಳಿದ ಸಮಯಕ್ಕೆ ಬರೋದು. ಕೆಲವರ ಕುತಂತ್ರಕ್ಕೆ ಬೆಲೆ ತೆತ್ತವರು ನಿಜವಾಗಿ ಕಾಯಲು ಆಗದ ಮಕ್ಕಳು ಮತ್ತು ಅವರ ಹೆತ್ತವರು.

ಸಿಟ್ಟಿನ ಇನ್ನೊಂದು ಮೂಲ, ಗೊತ್ತಿಲ್ಲದಿರುವುದು. ವ್ಯವಹಾರ ನಿರ್ವಹಣೆಯ ತಜ್ಞ ಡೇವಿಡ್ ಮೇಸ್ಟರ್ 1985ರಲ್ಲಿ ಕಾಯುವಿಕೆಯ ಬಗ್ಗೆ ಬರೆದ ಲೇಖನದಲ್ಲಿ ಹೇಳಿದ್ದು ಇವತ್ತಿಗೂ ಕೆಡದೆ ನಿಂತಿದೆ: ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ, ಯಾಕೆ ಅಂತ ಹೇಳದ ಕಾಯುವಿಕೆ, ಅನ್ಯಾಯದ ಕಾಯುವಿಕೆ, ಒಂಟಿಯಾಗಿ ಕಾಯೋದು, ಇವೆಲ್ಲ ಇರುವುದಕ್ಕಿಂತ ಉದ್ದ ಅನ್ನಿಸುತ್ತವೆ. ರೈಡ್ ಕೆಟ್ಟು ನಿಂತಾಗ ನಾವು ಮೈಕಿನಲ್ಲಿ "ತಾಂತ್ರಿಕ ಕಾರಣ" ಅನ್ನುತ್ತಿದ್ದೆವು. ಹತ್ತೇ ನಿಮಿಷಕ್ಕೆ ಬೇಲಿ ಬಡಿಯೋಕೆ ಶುರು. ಆಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಹೇಳಿಕೊಟ್ಟ ಹಾಗೆ "ಒಂದು ಸೆನ್ಸರ್ ಟ್ರೇನ್ ಇದೆ ಅಂತ ಹೇಳ್ತಿದೆ, ಅಲ್ಲಿ ಟ್ರೇನ್ ಇಲ್ಲ, ನಮ್ಮವರು ಹತ್ತಿ ಕಣ್ಣಾರೆ ನೋಡಿ ಬರೋವರೆಗೆ ಬಿಡಲ್ಲ, ಇಪ್ಪತ್ತು ನಿಮಿಷ ಬೇಕು" ಅಂದರೆ ಜನ ತಲೆ ಎತ್ತಿ ಹಳಿ ನೋಡ್ತಾ ನಿಲ್ತಿದ್ದರು. ಅರ್ಧ ಜನಕ್ಕೆ ಅದೇ ಒಂದು ಪ್ರದರ್ಶನ. ಬೋರ್ಡಿನಲ್ಲಿ 40 ನಿಮಿಷ ಅಂತ ಹಾಕಿ 30ಕ್ಕೆ ಹತ್ತಿಸುವ ಉಪಾಯ ಎಲ್ಲರಿಗೂ ಗೊತ್ತಿರೋದೇ. ಅತಿ ಮಾಡಬೇಡಿ, ಎರಡು ಸಲ ಬಂದವರು ಬೋರ್ಡನ್ನೇ ನಂಬಲ್ಲ.

ಕಸದ ಬಗ್ಗೆ ಹೆಚ್ಚು ಹೇಳೋದಿಲ್ಲ. ಡಬ್ಬ ಹತ್ತಿರ ಇದ್ದರೆ ಹಾಕ್ತಾರೆ, ದೂರ ಇದ್ದರೆ ಹಾಕಲ್ಲ, ನೆಲ ಮೊದಲೇ ಗಲೀಜಾಗಿದ್ದರೆ ಡಬ್ಬದ ಪಕ್ಕದಲ್ಲೇ ಹಾಕ್ತಾರೆ. ಆದರೆ ನೆದರ್ಲೆಂಡ್ಸಿನ ಎಫ್ಟೆಲಿಂಗ್ ಪಾರ್ಕಿನ ಕಸದ ಡಬ್ಬವನ್ನು ಹೇಳದೆ ಬಿಡೋಕೆ ಮನಸ್ಸು ಬರ್ತಿಲ್ಲ. ಬಾಯಿ ತೆರೆದು ಕೂತ ಒಬ್ಬ ಹೊಟ್ಟೆಬಾಕನ ಗೊಂಬೆ, "ಕಾಗದ ಇಲ್ಲಿ" ಅಂತ ಕರೆಯುತ್ತೆ, ಕೈ ಹತ್ತಿರ ಒಯ್ದರೆ ಕಾಗದವನ್ನು ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತೆ. ಮಕ್ಕಳು ಅದಕ್ಕೆ ಉಣಿಸೋಕೆ ಕಸ ಹುಡುಕಿಕೊಂಡು ಬರ್ತಾರೆ. ಫಲಕ ಬರೆಸಿ, ದಂಡ ಹಾಕಿ ಹೆಣಗುವ ನಮ್ಮಂಥವರಿಗೆ ಇದನ್ನು ನೋಡಿದರೆ ಸ್ವಲ್ಪ ನಾಚಿಕೆ ಆಗಬೇಕು.

ಒರಟುತನ ಜನರ ಗುಣ ಅನ್ನುವವರಿಗೆ ನಾನು 1955ರ ಜುಲೈ 17ನ್ನು ನೆನಪಿಸ್ತೀನಿ, ಡಿಸ್ನಿಲ್ಯಾಂಡಿನ ಮೊದಲ ದಿನ. ಬಂದವರು ಆಹ್ವಾನಿತರು, ಚೆನ್ನಾಗಿ ಉಡುಪು ತೊಟ್ಟು ಬಂದವರು. ಅವರ ಜೊತೆಗೆ ನಕಲಿ ಟಿಕೆಟಿನವರೂ ಸೇರಿ ಒಟ್ಟು ಸುಮಾರು 28,000 ಜನ. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೈ ಹೀಲ್ಸ್ ಹೂತುಕೊಂಡವು, ಕುಡಿಯುವ ನೀರಿನ ನಲ್ಲಿಗಳು ಒಣಗಿದ್ದವು. ಸಭ್ಯರೂ ನೂಕಾಡಿದರು. ಗುಣ ಎಷ್ಟೇ ಒಳ್ಳೆಯದಿದ್ದರೂ ಪರಿಸ್ಥಿತಿ ಕೆಟ್ಟರೆ ಅಲ್ಲಿಗೆ ಬಂದು ನಿಲ್ಲುತ್ತೆ. ನಿಮ್ಮ ಪಾರ್ಕಿನಲ್ಲೂ ಜಗಳಗಳ ಪಟ್ಟಿ ತೆಗೆದು, ಯಾವ ಗಂಟೆಗೆ, ಎಲ್ಲಿ ಆಯಿತು ಅಂತ ನಕ್ಷೆಯ ಮೇಲೆ ಗುರುತು ಹಾಕಿ ನೋಡಿ. ನಾವು ಹಾಕಿದಾಗ ಹೆಚ್ಚಿನ ಚುಕ್ಕೆಗಳು ಎರಡರಿಂದ ನಾಲ್ಕು ಗಂಟೆಯ ನಡುವೆ, ನೆರಳಿಲ್ಲದ ಎರಡೇ ಸಾಲುಗಳಲ್ಲಿ ಬಿದ್ದವು. ಅಲ್ಲಿ ಚಪ್ಪರ ಹಾಕಿ, ಕೂರೋಕೆ ಕಟ್ಟೆ ಕಟ್ಟಿದ ಮೇಲೆ ಸೆಕ್ಯುರಿಟಿಯವರಿಗೆ ಬರುವ ಕರೆ ಕಮ್ಮಿಯಾಯಿತು.

ಕೊನೆಗೆ ನಿಮ್ಮ ಫಾರ್ಮಿನ ವಿಷಯ. ಅದನ್ನು ಗೇಟಿನಲ್ಲಿ ಮಾತ್ರ ಕೊಡಬೇಡಿ. ಮಧ್ಯಾಹ್ನ ಮೂರಕ್ಕೆ, ಅತಿ ಉದ್ದದ ಸಾಲಿನ ನಡುವೆ ಹತ್ತು ಜನಕ್ಕೆ ಒಂದೇ ಪ್ರಶ್ನೆ ಕೇಳಿ: "ಇಲ್ಲಿ ಎಲ್ಲರನ್ನೂ ಒಂದೇ ಥರ ನೋಡ್ತಿದ್ದಾರೆ ಅನ್ನಿಸ್ತಿದೆಯಾ?" ಮ್ಯಾನೇಜರ್ ಒಪ್ಪಲ್ಲ, ಅಂಕ ಬಿದ್ದುಹೋಗುತ್ತೆ ಅಂತ. ನಮ್ಮವರೂ ಮೊದಲ ವರ್ಷ ಒಪ್ಪಿರಲಿಲ್ಲ. ನಾನು ಊಟದ ಬಿಡುವಿನಲ್ಲಿ ಬ್ಯಾಡ್ಜ್ ತೆಗೆದಿಟ್ಟು ಸಾಲಿನಲ್ಲಿ ನಿಂತು ಕೇಳ್ತಿದ್ದೆ.