ಅಪ್ಪ ಅಮ್ಮ, ಮಕ್ಕಳ ಜೊತೆ ಆಗಸ್ಟ್‌ನಲ್ಲಿ ಅಲ್ಬೇನಿಯಾ ಬೀಚಿಗೆ ಹೋಗಬೇಕು. ಕ್ಸಾಮಿಲ್ ಒಳ್ಳೆಯದಾ, ಹಿಮಾರಾನಾ?

ಕ್ಸಾಮಿಲ್, ಹಿಮಾರಾ ಎಲ್ಲ ಆಮೇಲೆ. ಊರಿಂದ ಬರುವ ಅಪ್ಪ ಅಮ್ಮನ ಷೆಂಗೆನ್ ವೀಸಾ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದು) ಸಿಂಗಲ್ ಎಂಟ್ರಿಯಾ, ಮಲ್ಟಿಪಲ್ಲಾ? ನೀವು ಅದನ್ನು ಬರೆದೇ ಇಲ್ಲ. ನಾನೂ ನೋಡಿರಲಿಲ್ಲ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮೈಸೂರಿಂದ ಅಪ್ಪ ಅಮ್ಮ ಬಂದಿದ್ದರು. ಮಕ್ಕಳಿಗೆ ರಜೆ. ವಿಮಾನದಲ್ಲಿ ಗ್ರೀಸಿನ ಕೋರ್ಫು ದ್ವೀಪ, ಅಲ್ಲಿಂದ ದೋಣಿಯಲ್ಲಿ ಅಲ್ಬೇನಿಯಾದ ಸರಾಂಡಾ, ಆಮೇಲೆ ಕಾರಲ್ಲಿ ಹಿಮಾರಾ ಅಂತ ಲೆಕ್ಕ. ವೇಗದ ದೋಣಿ ಸಿಕ್ಕರೆ ಸರಾಂಡಾ ಅರ್ಧ ಗಂಟೆ ದಾರಿ, ಅಷ್ಟೇ. ಗ್ರೀಸಿಗಿಂತ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಅನ್ನುವುದನ್ನೂ ಬರೆದಿಟ್ಟುಕೊಂಡಿದ್ದೆ. ಅಂಥ ಜಾಣ!

ಕೋರ್ಫು ಬಂದರಿನ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಅಮ್ಮನ ಪಾಸ್‌ಪೋರ್ಟ್ ತೆಗೆದು, ವೀಸಾ ಸ್ಟಿಕರ್ ಮೇಲಿದ್ದ ‘01’ ಅನ್ನುವ ಅಂಕಿಗೆ ಪೆನ್ನಿನ ತುದಿ ಮುಟ್ಟಿಸಿದಳು. ಮಲ್ಟಿಪಲ್ ಆಗಿದ್ದರೆ ಅಲ್ಲಿ ‘ಮಲ್ಟ್’ ಅಂತ ಇರುತ್ತದೆ. ಅಪ್ಪನದರಲ್ಲೂ 01.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಜರ್ಮನಿಯಿಂದ ಗ್ರೀಸಿಗೆ ಹೋಗುವಾಗ ಗಡಿ ತಪಾಸಣೆ ಇಲ್ಲ, ಎರಡೂ ಷೆಂಗೆನ್ ಒಳಗೇ. ಬೆಂಗಳೂರಿಂದ ಮಂಗಳೂರಿಗೆ ಹೋದ ಹಾಗಿರುತ್ತದೆ. ಅಲ್ಬೇನಿಯಾ ಷೆಂಗೆನ್‌ನಲ್ಲಿಲ್ಲ. ದೋಣಿ ಹತ್ತಿದರೆ ಅಪ್ಪ ಅಮ್ಮ ಷೆಂಗೆನ್ ಬಿಟ್ಟು ಹೊರಗೆ ಹೋದಂತೆ, ಅವರ ಒಂದೇ ಎಂಟ್ರಿ ಅಲ್ಲಿಗೆ ಮುಗಿಯಿತು. ವಾಪಸ್ ಕೋರ್ಫುಗೆ ಬರುವುದು ಎರಡನೇ ಎಂಟ್ರಿ. ಅದಕ್ಕೆ ವೀಸಾ ಇಲ್ಲ. ಅವರ ಬೆಂಗಳೂರು ವಿಮಾನ ಇದ್ದಿದ್ದು ಫ್ರಾಂಕ್‌ಫರ್ಟ್‌ನಿಂದ! ಸಾಲದ್ದಕ್ಕೆ, ಬೇರೆ ವೀಸಾ ಇಲ್ಲದೆ ಅಲ್ಬೇನಿಯಾ ಒಳಗೆ ಬಿಡುವುದು ಮಲ್ಟಿಪಲ್ ಎಂಟ್ರಿ ಷೆಂಗೆನ್ ಇದ್ದು, ಅದನ್ನು ಒಮ್ಮೆಯಾದರೂ ಬಳಸಿದವರನ್ನು. ನಮಗೂ ಮಕ್ಕಳಿಗೂ ಜರ್ಮನ್ ರೆಸಿಡೆನ್ಸ್ ಪರ್ಮಿಟ್ ಇತ್ತು, ನಮಗೆ ತೊಂದರೆ ಇರಲಿಲ್ಲ. ‘90 ದಿನಕ್ಕೆ ಕೊಟ್ಟಿದ್ದಾರಲ್ಲ’ ಅಂತ ನಾನು ವಾದಕ್ಕೆ ನಿಂತೆ. ದಿನದ ಲೆಕ್ಕ ಬೇರೆ, ಎಂಟ್ರಿ ಲೆಕ್ಕ ಬೇರೆ. ಅವಳು ತಡೆದಿದ್ದೇ ಪುಣ್ಯ.

ಹಿಮಾರಾ ಮನೆಯ ಬಾಡಿಗೆ ವಾಪಸ್ ಬರಲಿಲ್ಲ, ದೋಣಿ ದುಡ್ಡೂ ಇಲ್ಲ. ಅಮ್ಮ ಸೂಟ್‌ಕೇಸ್ ಮೇಲೆ ಕೂತು ಮಕ್ಕಳಿಗೆ ಕೋಡುಬಳೆ ಹಂಚುತ್ತಿದ್ದರು. ಅಪ್ಪ ನೀರಿನಾಚೆಯ ಬೆಟ್ಟ ತೋರಿಸಿ, “ಅದೇ ಅಲ್ವೇನೋ ಅಲ್ಬೇನಿಯಾ? ಕಾಣ್ತಾನೇ ಇದೆಯಲ್ಲೋ!” ಅಂದರು. ಹೆಂಡತಿ ಏನಂದಳು ಅಂತ ಬರೆಯುವುದಿಲ್ಲ.

ಆವತ್ತೇ ಅದೇ ಬಂದರಿನಿಂದ ಗ್ರೀಸಿನ ಮುಖ್ಯ ಭೂಭಾಗದ ಇಗುಮೆನಿತ್ಸಾಗೆ ದೊಡ್ಡ ಫೆರಿ ಹಿಡಿದೆವು, ಸುಮಾರು ಒಂದೂವರೆ ಗಂಟೆ. ಅಲ್ಲಿಂದ ದಕ್ಷಿಣಕ್ಕೆ ಸಿವೋಟಾ, ಪಾರ್ಗಾ. ಎಪಿರಸ್ ಕರಾವಳಿ ಅದು. ಗ್ರೀಸ್ ಅಂದರೆ ಸ್ಯಾಂಟೊರಿನಿ ಅನ್ನುವವರು ಇತ್ತ ತಲೆ ಹಾಕುವುದಿಲ್ಲ. ಪಾರ್ಗಾದಲ್ಲಿ ಹಳೇ ವೆನಿಸ್ ಕಾಲದ ಕೋಟೆ ಇದೆ, ಮೆಟ್ಟಿಲು ಜಾಸ್ತಿ, ಅಪ್ಪ ಅರ್ಧಕ್ಕೇ ಕೂತರು. ಮಕ್ಕಳಿಗೆ ಹಿಡಿಸಿದ್ದು ಅಮ್ಮೂಡಿಯಾ. ಮರಳು, ತುಂಬ ದೂರದವರೆಗೂ ಆಳವಿಲ್ಲದ ನೀರು. ಅಲ್ಲಿ ಸಮುದ್ರ ಸೇರುವ ನದಿ ಅಕೆರಾನ್. ಸತ್ತವರು ದಾಟಬೇಕಾದ ನದಿ ಅಂತ ಗ್ರೀಕರ ಪುರಾಣ, ಅಂದರೆ ಅವರ ವೈತರಣಿ. ಮೇಲೆ ಗ್ಲಿಕಿ ಊರಿನ ಹತ್ತಿರ ಅದರಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆಯಬಹುದು. ಆಗಸ್ಟ್ ಬಿಸಿಲಲ್ಲೂ ಕಾಲು ಮರಗಟ್ಟುವಷ್ಟು ತಣ್ಣಗೆ. ಅಪ್ಪ ಪಂಚೆ ಎತ್ತಿ ಕಟ್ಟಿ ದಾಟಿ ಬಂದು, “ಇನ್ನು ಗೋದಾನದ ಖರ್ಚು ಉಳೀತು ಬಿಡು” ಅಂದರು.

ಅಲ್ಬೇನಿಯಾಕ್ಕೂ ಹೋದೆವು, ಮುಂದಿನ ವರ್ಷ, ಮಕ್ಕಳನ್ನಷ್ಟೇ ಕರೆದುಕೊಂಡು. ಹಾಗಾಗಿ ಸುಮ್ನೆ ಹೇಳುತ್ತಿಲ್ಲ. ಆಗಸ್ಟ್‌ನಲ್ಲಿ ಕ್ಸಾಮಿಲ್ ಬೇಡವೇ ಬೇಡ. ಪುಟ್ಟ ಬೀಚು, ಇಡೀ ಮರಳಿನ ಮೇಲೆ ಬಾಡಿಗೆ ಕುರ್ಚಿ. ಹಿಮಾರಾ ಚೆಂದ, ಆದರೆ ಬೆಣಚು ಕಲ್ಲಿನ ದಡ. ನೀರಿಗೆ ಹಾಕುವ ಶೂ ಇಲ್ಲದೆ ಮಂಡಿ ನೋವಿನವರು ಸಮುದ್ರಕ್ಕೆ ಇಳಿಯುವುದು ಕಷ್ಟ. ನನ್ನನ್ನು ಕೇಳಿದರೆ ಎರಡರ ನಡುವಿನ ಬೋರ್ಶ್. 7 ಕಿಲೋಮೀಟರ್ ಉದ್ದದ ದಡ, ಹಿಂದೆ ಆಲಿವ್ ತೋಪು, ಜನ ಕಡಿಮೆ. ಅಲ್ಲೂ ಕಲ್ಲೇ. ಊಟದ ಚಿಂತೆ ಬೇಡ, ಪಾಲಕ್ ತುಂಬಿದ ಬ್ಯುರೆಕ್ ಅನ್ನುವ ಪದರದ ತಿಂಡಿ ಸಿಗುತ್ತದೆ, ಗಟ್ಟಿ ಮೊಸರು ಎಲ್ಲ ಕಡೆ. ಸಣ್ಣ ಊರಲ್ಲಿ ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ, ಅಲ್ಲಿನ ದುಡ್ಡಾದ ಲೆಕ್ ನೋಟು ಇಟ್ಟುಕೊಳ್ಳಿ. ಹಳಬರು ಬೆಲೆಗೆ ಒಂದು ಸೊನ್ನೆ ಸೇರಿಸಿ ಹೇಳುತ್ತಾರೆ. 1965ರಲ್ಲಿ ಒಂದು ಸೊನ್ನೆ ತೆಗೆದು ನೋಟು ಬದಲಾದರೂ ಬಾಯಿ ಬದಲಾಗಿಲ್ಲ. 500ರ ಸಾಮಾನಿಗೆ 5000 ಅಂದರೆ ಗಾಬರಿಯಾಗಬೇಡಿ.

ಅಪ್ಪ ಅಮ್ಮ ಇನ್ನೂ ವೀಸಾಕ್ಕೆ ಹಾಕಿಲ್ಲ ಅಂದರೆ ಅರ್ಜಿಯಲ್ಲಿ ಮಲ್ಟಿಪಲ್ ಅಂತಲೇ ಕೇಳಿ. ಕೇಳಿದ ಮಾತ್ರಕ್ಕೆ ಕೊಡುತ್ತಾರೆ ಅಂತಲ್ಲ. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಸ್ಟಿಕರ್ ಫೋಟೋ ವಾಟ್ಸಾಪ್ ಮಾಡಿಸಿಕೊಳ್ಳಿ. 01 ಇದ್ದರೆ ಸುಮ್ಮನೆ ಪಾರ್ಗಾದಲ್ಲಿ ರೂಮು ನೋಡಿ, ಸಾಧ್ಯವಾದರೆ ಸೆಪ್ಟೆಂಬರ್ ಮೊದಲ ವಾರಕ್ಕೆ.