‘ದಿ’ ಅಂದರೆ ‘ಆ’ ಅಲ್ಲ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಇಂಗ್ಲಿಷಿನ ‘ಎ’, ‘ಆ್ಯನ್’, ‘ದಿ’ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಿ ಅಂತ ಹೇಳುತ್ತಿಲ್ಲ, ಇನ್ನೊಮ್ಮೆ ಬರೆಯಿರಿ ಅಂತ ಕೇಳುತ್ತಿದ್ದೇನೆ.

ನೀವು 22 ನಿಯಮ ಕೊಟ್ಟಿದ್ದೀರಿ. ನದಿಗೆ ‘ದಿ’ ಬೇಕು, ಊರಿಗೆ ಬೇಡ. ಹಿಮಾಲಯಕ್ಕೆ ಬೇಕು, ಎವರೆಸ್ಟಿಗೆ ಬೇಡ. ಎಲ್ಲವೂ ಸರಿ. ಆದರೆ ನಮ್ಮ ಓದುಗರು ಇದನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದಾರೆ. ನಾನೂ ಕನ್ನಡ ಮಾಧ್ಯಮದಲ್ಲಿ ಓದಿದವನು. ಬಿಟ್ಟ ಸ್ಥಳ ತುಂಬುವಾಗ ತಪ್ಪುತ್ತಿರಲಿಲ್ಲ. ಸ್ವಂತವಾಗಿ ಒಂದು ಪತ್ರ ಬರೆಯಲು ಕೂತರೆ ಮಾತ್ರ ಸಾಲು ಸಾಲಿಗೂ ಅನುಮಾನ. ಪಟ್ಟಿ ಉದ್ದವಾದಷ್ಟೂ ಆ ಅನುಮಾನ ಜಾಸ್ತಿಯಾಗುತ್ತದೆ.

ನಾನು ಒಪ್ಪದ ಸಾಲು ಮೊದಲ ಪುಟದಲ್ಲೇ ಇದೆ: ದಿ ಅಂದರೆ ‘ಆ’, ಕನ್ನಡದಲ್ಲಿ ಇದಕ್ಕೆ ಬೇರೆ ದಾರಿಯೇ ಇಲ್ಲ ಅಂತ ಬರೆದಿದ್ದೀರಿ. ಮನೆಯಲ್ಲಿ ನಾವು ‘ಬಾಗಿಲು ಹಾಕು’ ಅನ್ನುತ್ತೇವೆ. ‘ಆ ಬಾಗಿಲು ಹಾಕು’ ಅಂದರೆ ಬೆರಳು ತೋರಿಸಿದ ಹಾಗೆ. ಇಂಗ್ಲಿಷಿನಲ್ಲಿ ಬೆರಳು ತೋರಿಸದೆಯೂ ‘ಷಟ್ ದಿ ಡೋರ್’ ಅನ್ನಬೇಕು. ಮಾತು ಕೇಳಿಸಿಕೊಳ್ಳುವವರಿಗೆ ಅದು ಯಾವ ಬಾಗಿಲು ಅಂತ ಗೊತ್ತಿದೆ, ಆ ಗೊತ್ತಿರುವಿಕೆಯ ಗುರುತು ‘ದಿ’. ಅದು ಹುಟ್ಟಿದ್ದು ಹಳೆಯ ಇಂಗ್ಲಿಷಿನಲ್ಲಿ ‘ಆ’ ಅನ್ನುವ ಅರ್ಥವಿದ್ದ ಪದದಿಂದಲೇ, ನಿಜ. ಆದರೆ ಬೆರಳು ತೋರಿಸುವ ಗುಣ ಯಾವತ್ತೋ ಸವೆದುಹೋಗಿದೆ.

ಇನ್ನು ಕನ್ನಡದಲ್ಲಿ ದಾರಿ ಇಲ್ಲ ಅನ್ನುವ ಮಾತು. ‘ಹೆಣ್ಣು ನೋಡೋಕೆ ಹೋಗಿದ್ದಾರೆ’ ಅಂದರೆ ಯಾವ ಹುಡುಗಿ ಅನ್ನುವುದು ಮುಖ್ಯವಲ್ಲ, ಸಂಬಂಧ ಹುಡುಕುತ್ತಿದ್ದಾರೆ. ‘ಹೆಣ್ಣನ್ನು ನೋಡೋಕೆ ಹೋಗಿದ್ದಾರೆ’ ಅಂದರೆ? ಯಾರ ಮನೆಯ ಹುಡುಗಿ ಅಂತ ಮಾತಾಡುವವರಿಬ್ಬರಿಗೂ ಗೊತ್ತು. ಒಂದು ‘ಅನ್ನು’ ಎಷ್ಟು ಕೆಲಸ ಮಾಡಿತು ನೋಡಿ. ‘ಮೇಜಿನ ಮೇಲೆ ಪುಸ್ತಕ ಇದೆ’ ಅಂದಾಗ ಅದು ಯಾವುದೋ ಪುಸ್ತಕ, ‘ಎ ಬುಕ್’. ‘ಪುಸ್ತಕ ಮೇಜಿನ ಮೇಲಿದೆ’ ಅಂದಾಗ ನೀವು ಹುಡುಕುತ್ತಿದ್ದ ಪುಸ್ತಕ, ‘ದಿ ಬುಕ್’. ಇಲ್ಲಿ ಪದಗಳು ಜಾಗ ಬದಲಿಸಿದ್ದೇ ಸಾಕಾಯಿತು. ಬರಹದಲ್ಲಿ ನಾವು ‘ಅನ್ನು’ವನ್ನು ಎಲ್ಲ ಕಡೆ ಹಾಕುವುದರಿಂದ ವ್ಯತ್ಯಾಸ ಮಸುಕಾಗುತ್ತದೆ, ಆಡುಮಾತಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ನಿಮ್ಮ ಓದುಗರಿಗೆ ಈ ಅರಿವು ಮೊದಲೇ ಇದೆ. ಅದನ್ನು ಅವರಿಗೆ ತೋರಿಸಿಕೊಡಿ. ಲೇಖನದ ಅರ್ಧ ಜಾಗ ಇದಕ್ಕೇ ಹೋದರೂ ನನಗೆ ಸಂತೋಷ.

ಹಾಗೆ ಬರೆದರೆ ನಮ್ಮವರ ತಪ್ಪುಗಳ ಮೂಲವೂ ಕಾಣುತ್ತದೆ. ‘ಅವಳು ಡಾಕ್ಟರ್’ ಅನ್ನುವಾಗ ನಮಗೆ ‘ಒಬ್ಬಳು’ ಬೇಕಿಲ್ಲ, ಅದಕ್ಕೇ ‘ಷಿ ಈಸ್ ಡಾಕ್ಟರ್’ ಅಂದುಬಿಡುತ್ತೇವೆ. ‘ಒಂದು ಸಲಹೆ ಕೊಡಿ’ ಅನ್ನುವುದು ನಮಗೆ ಸಹಜ, ಅದರಿಂದ ‘ಆ್ಯನ್ ಅಡ್ವೈಸ್’ ಬಂತು. ಇಂಗ್ಲಿಷಿನಲ್ಲಿ ಸಲಹೆಯನ್ನು ಎಣಿಸುವುದಿಲ್ಲ, ನೀರಿನ ಹಾಗೆ. ‘ಅಜಾಗರೂಕತೆಯ ತಪ್ಪು’ ಅಂತ ನೀವು ಕರೆದದ್ದು ಸರಿಯಲ್ಲ. ಕಲಿಯುವವರು ಗಮನ ಕೊಟ್ಟೇ ತಪ್ಪಿರುತ್ತಾರೆ.

ಒಂದು ಸಂಗತಿಯನ್ನು ತಿದ್ದಲೇಬೇಕು. ಉಚ್ಚಾರಣೆಯ ಅನುಕೂಲಕ್ಕೆ ‘ಎ’ಗೆ ನಕಾರ ಸೇರಿಸಿ ‘ಆ್ಯನ್’ ಮಾಡಿದರು ಅಂತ ಬರೆದಿದ್ದೀರಿ. ನಡೆದದ್ದು ತಿರುಗುಮುರುಗು. ‘ಒಂದು’ ಅನ್ನುವ ಹಳೆಯ ಪದದಿಂದ ಬಂದದ್ದು ‘ಆ್ಯನ್’. ವ್ಯಂಜನದ ಮುಂದೆ ಅದರ ನಕಾರ ಉದುರಿ ‘ಎ’ ಆಯಿತು. ಈ ನಕಾರ ಯಾವ ಪದದ್ದು ಅಂತ ಇಂಗ್ಲಿಷಿನವರಿಗೇ ಗೊಂದಲವಾದದ್ದುಂಟು. ಕ್ರಿಕೆಟ್‌ನ ಅಂಪೈರ್ ಇದ್ದಾರಲ್ಲ, ಆ ಪದ ಹಳೆಯ ಫ್ರೆಂಚಿನಿಂದ ಬಂದಾಗ ಮೊದಲಲ್ಲಿ ‘ನ’ ಇತ್ತು. ಕೇಳಿ ಕೇಳಿ ಆ ‘ನ’ ಹಿಂದಿನ ‘ಎ’ಗೆ ಅಂಟಿಕೊಂಡು ‘ಆ್ಯನ್ ಅಂಪೈರ್’ ಆಯಿತು. ಏಪ್ರನ್‌ನ ಕಥೆಯೂ ಇದೇ. ಇದನ್ನು ಖಂಡಿತ ಸೇರಿಸಿ.

ಅಕ್ಷರವಲ್ಲ, ಧ್ವನಿ ಮುಖ್ಯ ಅನ್ನುವ ನಿಮ್ಮ ಭಾಗ ಚೆನ್ನಾಗಿದೆ. ಅಲ್ಲಿ ನಮ್ಮ ಲಿಪಿಯನ್ನೇ ಬಳಸಿ. ಗಂಟೆ ಅನ್ನುವ ಅರ್ಥದ ‘ಅವರ್’ ಸ್ವರದಿಂದ ಶುರುವಾಗುತ್ತದೆ, ‘ಯೂನಿವರ್ಸಿಟಿ’ ಯಕಾರದಿಂದ. ಕನ್ನಡದಲ್ಲಿ ಬರೆದ ಕೂಡಲೇ ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’ ತಾನಾಗಿ ಹೊಳೆಯುತ್ತದೆ. ಒಂದು ಎಚ್ಚರಿಕೆಯನ್ನೂ ಕೊಡಿ. ನಾವು ಎಲೆಯನ್ನು ‘ಯೆಲೆ’ ಅನ್ನುವ ಅಭ್ಯಾಸದಲ್ಲಿ ಎಗ್ ಅನ್ನು ‘ಯೆಗ್’ ಮಾಡಿಬಿಡುತ್ತೇವೆ. ಅದು ಸ್ವರವೇ, ‘ಆ್ಯನ್ ಎಗ್’. ಎಂಎಲ್‌ಎ ಕೂಡ ಹಾಗೇ. ನಾವು ‘ಒನ್’ ಅಂತ ಬರೆಯುವ ಪದ ಮಾತ್ರ ಇಂಗ್ಲಿಷರ ಬಾಯಲ್ಲಿ ವಕಾರದಿಂದ ಶುರುವಾಗುತ್ತದೆ, ಆದ್ದರಿಂದ ‘ಎ ಒನ್ ರುಪೀ ಕಾಯಿನ್’.

ಕೊನೆಯದಾಗಿ ನಿಮ್ಮ ಏಳನೇ ಪುಟ. ‘ದಿ ಬಿಟ್ಟರೆ ಅರ್ಥ ಆಗಲ್ವಾ ಸರ್?’ ಅಂತ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು ಅಂತ ಬರೆದು, ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ. ಇಡೀ ಲೇಖನದಲ್ಲಿ ಜೀವ ಇರುವುದು ಅಲ್ಲೇ. ಬಹಳ ಸಲ ಅರ್ಥ ಆಗುತ್ತದೆ, ಅದನ್ನು ಒಪ್ಪಿಕೊಳ್ಳಿ. ಕೆಲವು ಕಡೆ ಅರ್ಥವೇ ತಿರುಗುತ್ತದೆ, ಅದನ್ನೂ ತೋರಿಸಿ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್’ ಅಂದರೆ ನನಗೆ ಒಂದಷ್ಟು ಗೆಳೆಯರಿದ್ದಾರೆ. ‘ಎ’ ತೆಗೆದರೆ, ಗೆಳೆಯರು ಅನ್ನುವವರೇ ಅಷ್ಟಾಗಿ ಇಲ್ಲ.

ಆ ಹುಡುಗಿಯಿಂದಲೇ ಶುರು ಮಾಡಿ. ನಿಯಮಗಳು ನಾಲ್ಕೈದು ಸಾಕು. ಅವಳಿಗೆ ನೀವು ಆವತ್ತು ಏನು ಹೇಳಿದಿರಿ ಅನ್ನುವುದನ್ನೂ ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ